ಟ್ಯಾಂಕ್ ಖಾಲಿ ಮಾಡಿದರೆ ಸಾಲದು

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಏಪ್ರಿಲ್ ತಿಂಗಳ ಕೊನೆಯ ವಾರ ಬಂದಿತೆಂದರೆ ಕಾರಿನ ಹಿಂದೆ ಎಳೆದೊಯ್ಯುವ ಚಿಕ್ಕ ಮನೆಗಳನ್ನು, ಅಂದರೆ ಟ್ರಾವೆಲ್ ಟ್ರೇಲರುಗಳನ್ನು, ದುರಸ್ತಿ ಮಾಡುವ ನಮ್ಮ ಅಂಗಡಿಯ ಫೋನಿಗೆ ಬಿಡುವಿರುವುದಿಲ್ಲ. ಕರೆ ಮಾಡುವವರು ಇಲ್ಲಿಯೇ ಹುಟ್ಟಿ ಬೆಳೆದವರಾಗಿರಲಿ, ಮೈಸೂರು, ಹುಬ್ಬಳ್ಳಿಗಳಿಂದ ಬಂದು ನೆಲೆಸಿದವರಾಗಿರಲಿ, ಹೇಳುವ ಮಾತು ಮಾತ್ರ ಒಂದೇ. “ಚಳಿ ಶುರುವಾಗುವ ಮೊದಲೇ ಟ್ಯಾಂಕ್ ಪೂರ್ತಿ ಖಾಲಿ ಮಾಡಿದ್ದೆ ಸರ್, ನಲ್ಲಿಗಳನ್ನೆಲ್ಲ ತೆರೆದು ನೋಡಿದ್ದೆ, ಒಂದು ಹನಿಯೂ ಬರಲಿಲ್ಲ. ಈಗ ಪಂಪ್ ಹಾಕಿದರೆ ಸಿಂಕಿನ ಕೆಳಗಿಂದ ನೀರು ಸುರಿಯುತ್ತಿದೆ.” ಅವರು ಸುಳ್ಳು ಹೇಳುತ್ತಿಲ್ಲ. ಟ್ಯಾಂಕ್ ನಿಜವಾಗಿಯೂ ಖಾಲಿಯಾಗಿತ್ತು, ನಲ್ಲಿಯಲ್ಲಿ ನಿಜವಾಗಿಯೂ ಹನಿ ಬಂದಿರಲಿಲ್ಲ. ಆದರೂ ಟ್ರೇಲರಿನೊಳಗೆ ನೀರು ಇತ್ತು, ಮತ್ತು ಅದು ಇದ್ದ ಜಾಗಗಳೇ ಅತ್ಯಂತ ಅಪಾಯದ ಜಾಗಗಳಾಗಿದ್ದವು.

ಹದಿನಾರರಿಂದ ಇಪ್ಪತ್ತು ಅಡಿ ಉದ್ದದ ಚಿಕ್ಕ ಟ್ರಾವೆಲ್ ಟ್ರೇಲರನ್ನು ಚಳಿಗಾಲಕ್ಕೆ ಸಿದ್ಧಪಡಿಸುವ ಕೆಲಸಕ್ಕೆ, ಅಂದರೆ ಇಲ್ಲಿ ಎಲ್ಲರೂ ವಿಂಟರೈಸ್ ಮಾಡುವುದು ಎನ್ನುವ ಕೆಲಸಕ್ಕೆ, ಹಲವು ಮೆಟ್ಟಿಲುಗಳಿವೆ. ಅವೆಲ್ಲವೂ ನಿಮ್ಮ ಟ್ರೇಲರಿನ ಕೈಪಿಡಿಯಲ್ಲಿಯೇ ಇರುವುದರಿಂದ ನಾನು ಮತ್ತೆ ಬರೆಯುವುದಿಲ್ಲ. ಆದರೆ ನೀರು ಎಲ್ಲಿ ನಿಲ್ಲುತ್ತದೆ, ನಿಂತ ನೀರು ಎಲ್ಲಿ ಕೇಡು ಮಾಡುತ್ತದೆ ಎಂಬ ಎರಡು ಸಂಗತಿಗಳು ಮನಸ್ಸಿಗೆ ಇಳಿಯದೆ ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿದವರೇ ಪ್ರತಿ ವರ್ಷ ನನ್ನ ಬಳಿಗೆ ಬರುತ್ತಾರೆ. ಆದ್ದರಿಂದ ಆ ಎರಡನ್ನೇ ನಿಧಾನವಾಗಿ ಹೇಳುತ್ತೇನೆ.

ಅಡಿಕೆ ತೋಟದಲ್ಲಿ ನೆಲದ ಮೇಲೆ ಹಾಸಿದ ಪೈಪನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಮೋಟರ್ ನಿಲ್ಲಿಸಿ, ತುದಿಯಲ್ಲಿ ನೀರು ಬರುವುದು ನಿಂತು, ಎಷ್ಟೋ ಹೊತ್ತಾದ ಮೇಲೂ ಪೈಪಿನ ಮಧ್ಯವನ್ನು ಎತ್ತಿದರೆ ತಗ್ಗಿನಲ್ಲಿ ನಿಂತಿದ್ದ ನೀರು ಬಳಬಳನೆ ಹೊರಬೀಳುತ್ತದೆ. ಟ್ರೇಲರಿನ ಕೊಳವೆಗಳೂ ಹೀಗೆಯೇ ಇವೆ. ಮಂಚದ ಅಡಿಯಿಂದ ಹೊರಟು, ಚಕ್ರದ ಗೂಡನ್ನು ಸುತ್ತಿ, ನೆಲಕ್ಕೆ ಇಳಿದು, ಮತ್ತೆ ಮೇಲೇರಿ, ಸಿಂಕಿಗೆ ಹೋಗಿ ಸೇರುವ ಅವುಗಳಲ್ಲಿ ಒಂದೂ ನೇರವಾದ ಇಳಿಜಾರಿನಲ್ಲಿಲ್ಲ. ನೆಲದ ಅಡಿಯಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು ಲೋ ಪಾಯಿಂಟ್ ಡ್ರೇನ್, ಅಂದರೆ ಅತಿ ತಗ್ಗಿನ ಜಾಗದಿಂದ ನೀರು ಹೊರಬಿಡುವ ಬಾಯಿ, ಇರುತ್ತದೆಯೆಂಬುದು ಸರಿ. ಆದರೆ ಟ್ರೇಲರ್ ಒಂದು ಬದಿಗೆ ಸ್ವಲ್ಪ ವಾಲಿ ನಿಂತಿದ್ದರೂ ಸಾಕು, ಅತಿ ತಗ್ಗಾದ ಜಾಗ ಆ ಡ್ರೇನ್ ಆಗಿ ಉಳಿಯದೆ ಬೇರೆಲ್ಲಿಯೋ ಆಗಿಬಿಡುತ್ತದೆ.

ಇನ್ನು ಕೊಳವೆಗಿಂತ ಮುಖ್ಯವಾದವು ಕೊಳವೆಗೆ ಜೋಡಿಸಿರುವ ಬಿಡಿಭಾಗಗಳು. ಪಂಪಿನ ತಲೆಯೊಳಗೆ ನೀರನ್ನು ತಳ್ಳುವ ಪೊರೆ, ಅಂದರೆ ಡಯಾಫ್ರಮ್, ಇರುವ ಕೋಣೆಗಳಲ್ಲಿ ನೀರು ಉಳಿಯುತ್ತದೆ, ಪಂಪಿನ ಮುಂದಿರುವ ಜಾಲರಿಯ ಪುಟ್ಟ ಬಟ್ಟಲಿನಲ್ಲಿ ಉಳಿಯುತ್ತದೆ, ಹೊರಗಿನ ನೀರಿನ ಹೋಸ್ ಜೋಡಿಸುವ ಬಾಯಿಯ ಹಿಂದಿರುವ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವಿನಲ್ಲಿ ಉಳಿಯುತ್ತದೆ, ಟಾಯ್ಲೆಟ್ಟಿನ ಪೆಡಲ್ ಒತ್ತಿದಾಗ ತೆರೆದುಕೊಳ್ಳುವ ಪ್ಲಾಸ್ಟಿಕ್ ವಾಲ್ವಿನಲ್ಲಿ ಉಳಿಯುತ್ತದೆ, ಟ್ರೇಲರಿನ ಹೊರಮೈಯ ಪೆಟ್ಟಿಗೆಯಲ್ಲಿರುವ ಶವರಿನಲ್ಲಂತೂ ಖಂಡಿತವಾಗಿ ಉಳಿಯುತ್ತದೆ, ಏಕೆಂದರೆ ಆ ಪೆಟ್ಟಿಗೆಯ ಬಾಗಿಲನ್ನು ಬೇಸಿಗೆಯುದ್ದಕ್ಕೂ ಯಾರೂ ತೆರೆದಿರುವುದಿಲ್ಲ.

ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಹಿಗ್ಗುವ ನೀರಿಗೆ ಹೋಗಲು ಜಾಗವಿದ್ದರೆ ಯಾವ ಅನಾಹುತವೂ ಆಗುವುದಿಲ್ಲ. ಟ್ಯಾಂಕಿನ ತಳದಲ್ಲಿ ಎರಡು ಲೋಟ ನೀರು ಉಳಿದರೆ ಅದು ಮೇಲಕ್ಕೆ ಹಿಗ್ಗಿ ಮಂಜುಗಡ್ಡೆಯ ತೆಳು ಪದರವಾಗುತ್ತದೆ, ಅಷ್ಟೇ. ವಾಟರ್ ಹೀಟರಿನ ಡ್ರೇನ್ ಪ್ಲಗ್ ತೆಗೆದ ಮೇಲೂ ಅದರ ತಳದಲ್ಲಿ ಒಂದಿಷ್ಟು ನೀರು ಉಳಿದೇ ಉಳಿಯುತ್ತದೆ, ಅದರ ಬಗ್ಗೆಯೂ ನಾನು ಚಿಂತಿಸುವುದಿಲ್ಲ. ಆದರೆ ಪಂಪಿನ ತಲೆಯಲ್ಲಿ ನಿಂತ ನಾಲ್ಕು ಚಮಚ ನೀರಿಗೆ ಹಿಗ್ಗಲು ಜಾಗವೇ ಇಲ್ಲ. ಜನರು ಶ್ರದ್ಧೆಯಿಂದ ಖಾಲಿ ಮಾಡುವ ದೊಡ್ಡ ಟ್ಯಾಂಕೇ ಇಡೀ ಟ್ರೇಲರಿನಲ್ಲಿ ಅತ್ಯಂತ ಸುರಕ್ಷಿತವಾದ ಜಾಗ, ಮತ್ತು ಅವರು ತಿರುಗಿಯೂ ನೋಡದ ಈ ಮುಚ್ಚಿದ ಪುಟ್ಟ ಗೂಡುಗಳೇ ಒಡೆಯುವ ಜಾಗಗಳು. ನೀರಿನ ಪ್ರಮಾಣ ಎಷ್ಟೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದು ಎಷ್ಟು ಬಿಗಿಯಾಗಿ ಸಿಕ್ಕಿಕೊಂಡಿದೆ ಎಂಬುದೇ ಬರುತ್ತದೆ.

ಈಚಿನ ಟ್ರೇಲರುಗಳಲ್ಲಿ ಬಳಸುವ ಪೆಕ್ಸ್ ಎಂಬ ಪ್ಲಾಸ್ಟಿಕ್ ಕೊಳವೆ ಒಂದು ಮಟ್ಟಕ್ಕೆ ಹಿಗ್ಗಿ ಕುಗ್ಗಬಲ್ಲದು. ಇದನ್ನು ಓದಿ ತಿಳಿದ ಕೆಲವರು ತಮ್ಮ ಟ್ರೇಲರಿಗೆ ಏನೂ ಆಗುವುದಿಲ್ಲವೆಂದು ನಿಶ್ಚಿಂತರಾಗುತ್ತಾರೆ. ಕೊಳವೆ ಹಿಗ್ಗಬಹುದು, ಆದರೆ ಅದನ್ನು ಸೇರಿಸುವ ಪ್ಲಾಸ್ಟಿಕ್ ಮೊಣಕೈ ಹಿಗ್ಗುವುದಿಲ್ಲ, ಫಿಲ್ಟರಿನ ಡಬ್ಬಿ ಹಿಗ್ಗುವುದಿಲ್ಲ, ನಲ್ಲಿಯ ಒಳಗಿನ ಕಾರ್ಟ್ರಿಜ್ ಹಿಗ್ಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಮಂಜುಗಡ್ಡೆ ಕಟ್ಟಿದ ಜಾಗದಲ್ಲಿಯೇ ಕೊಳವೆ ಒಡೆಯಬೇಕೆಂದಿಲ್ಲ. ಬೆಳೆಯುತ್ತಿರುವ ಗಡ್ಡೆ ತನ್ನ ಮುಂದಿರುವ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ತಳ್ಳುತ್ತಾ ಹೋದಾಗ ಒತ್ತಡ ಏರಿ, ದೂರದಲ್ಲಿರುವ ಯಾವುದೋ ದುರ್ಬಲ ಜೋಡಣೆ ಬಾಯಿ ಬಿಡಬಹುದು. ಬಿರುಕು ಬಿದ್ದದ್ದು ಜನವರಿಯಲ್ಲಾದರೂ ಆಗ ಎಲ್ಲವೂ ಗಟ್ಟಿಯಾಗಿರುವುದರಿಂದ ಹನಿಯೂ ಸೋರುವುದಿಲ್ಲ. ವಸಂತದಲ್ಲಿ ಪಂಪ್ ಹಾಕಿದಾಗ ನೀರು ನೆಲಹಾಸಿನ ಅಡಿಗೆ ಇಳಿದು, ಪ್ಲೈವುಡ್ ಉಬ್ಬಿ, ಇಪ್ಪತ್ತು ಡಾಲರಿನ ಬಿಡಿಭಾಗದ ಕೆಲಸ ನೆಲವನ್ನೇ ಕಿತ್ತು ಹಾಕುವ ಕೆಲಸವಾಗಿಬಿಡುತ್ತದೆ.

ಹೀಗಾಗಿ ನೀರನ್ನು ಹೊರಗೆ ಹರಿಸಿದರೆ ಕೆಲಸ ಮುಗಿಯುವುದಿಲ್ಲ, ಉಳಿದ ನೀರಿನ ಜಾಗದಲ್ಲಿ ಬೇರೆ ದ್ರವ ಬಂದು ಕೂರಬೇಕು. ಅದಕ್ಕಾಗಿಯೇ ಆರ್‌ವಿ ಆಂಟಿಫ್ರೀಜ್ ಎಂಬ, ಇಂಥ ಗಾಡಿಮನೆಗಳಿಗೆಂದೇ ಮಾಡಿದ ಗುಲಾಬಿ ಬಣ್ಣದ ದ್ರವವಿದೆ. ಡಬ್ಬಿಯ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂದಿರುವುದನ್ನು ನೋಡಿ ಕೊಳ್ಳಿ. ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಆಗಿದ್ದು ಅದು ವಿಷ, ರುಚಿಯಲ್ಲಿ ಸಿಹಿಯಾಗಿರುವುದರಿಂದ ಮಕ್ಕಳಿಗೂ ನಾಯಿಗಳಿಗೂ ಇನ್ನಷ್ಟು ಅಪಾಯಕಾರಿ. ಕುಡಿಯುವ ನೀರು ಹರಿಯುವ ಕೊಳವೆಗೆ ಅದು ಯಾವ ಕಾರಣಕ್ಕೂ ಸೇರಬಾರದು.

ಗುಲಾಬಿ ದ್ರವದ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಮೈನಸ್ 50 (ಡಿಗ್ರಿ ಫ್ಯಾರನ್‌ಹೀಟ್) ಎಂಬ ಸಂಖ್ಯೆಯೂ ಬಹಳ ಜನರನ್ನು ದಾರಿ ತಪ್ಪಿಸಿದೆ. ಅಲ್ಲಿಯವರೆಗೆ, ಅಂದರೆ ಸುಮಾರು ಮೈನಸ್ 45 ಡಿಗ್ರಿ ಸೆಲ್ಸಿಯಸ್‌ವರೆಗೆ, ಆ ದ್ರವ ತೆಳುವಾಗಿ ಹರಿಯುವಂತೆಯೇ ಇರುತ್ತದೆಂದು ಅದರ ಅರ್ಥವಲ್ಲ. ಅಷ್ಟು ಚಳಿಯವರೆಗೂ ಅದು ಕೊಳವೆಯನ್ನು ಒಡೆಯುವುದಿಲ್ಲ ಎಂಬುದಷ್ಟೇ ಅಲ್ಲಿನ ಭರವಸೆ. 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ನಡುವೆಯೇ ಅದು ಗಂಜಿಯಂತೆ ಮಂದವಾಗತೊಡಗುತ್ತದೆ, ಆದರೆ ಗಟ್ಟಿಯಾಗಿ ಹಿಗ್ಗಿ ಗೋಡೆಯನ್ನು ತಳ್ಳುವುದಿಲ್ಲ. ಈ ಭರವಸೆ ಇರುವುದೂ ಡಬ್ಬಿಯಲ್ಲಿರುವ ಗಾಢತೆಯ ದ್ರವಕ್ಕೆ ಮಾತ್ರ. ತಗ್ಗುಗಳಲ್ಲಿ ನಿಂತ ನೀರಿನೊಂದಿಗೆ ಅದು ಬೆರೆತರೆ ಮೈನಸ್ 50ರ ಮಾತು ಅಲ್ಲಿಗೇ ಮುಗಿಯಿತು. ಮೊದಲು ಚೆನ್ನಾಗಿ ಹರಿಸಿ, ಆಮೇಲೆ ಆಂಟಿಫ್ರೀಜ್ ಹಾಕಿ ಎಂದು ನಾವು ಹೇಳುವುದು ಈ ಕಾರಣಕ್ಕೆ. ಟ್ಯಾಂಕಿಗೇ ಆಂಟಿಫ್ರೀಜ್ ಸುರಿಯುವವರಿಗೂ ಇದೇ ಉತ್ತರ: ಟ್ಯಾಂಕಿನ ತಳದ ನೀರಿನಲ್ಲಿ ಬೆರೆತು ತೆಳುವಾದದ್ದೇ ಮುಂದಕ್ಕೆ ಹೋಗುತ್ತದೆ. ಪಂಪಿನ ಹೀರುವ ಬಾಯಿಗೆ ಒಂದು ಚಿಕ್ಕ ಹೋಸ್ ಜೋಡಿಸಿ ಡಬ್ಬಿಯಿಂದಲೇ ನೇರವಾಗಿ ಎಳೆಸುವುದು ಉತ್ತಮ.

ವಾಟರ್ ಹೀಟರನ್ನು ಬೈಪಾಸ್ ಮಾಡಲೇಬೇಕು, ಅಂದರೆ ದ್ರವ ಅದರೊಳಗೆ ಹೋಗದೆ ಪಕ್ಕದ ಕೊಳವೆಯಿಂದ ಸಾಗುವಂತೆ ವಾಲ್ವುಗಳನ್ನು ತಿರುಗಿಸಬೇಕು. ಮಾಡದಿದ್ದರೆ 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್ ಆಂಟಿಫ್ರೀಜ್ ಹೀಟರಿನ ಹೊಟ್ಟೆಗೇ ಹೋಗುತ್ತದೆ. ಬೈಪಾಸ್ ಸರಿಯಾಗಿದ್ದರೆ ಚಿಕ್ಕ ಟ್ರೇಲರಿಗೆ ಸಾಮಾನ್ಯವಾಗಿ 2ರಿಂದ 3 ಗ್ಯಾಲನ್ ಸಾಕು. ಹೀಟರಿನ ನೀರು ಬಿಸಿಯಾಗಿರುವಾಗ ಅಥವಾ ಒಳಗೆ ಒತ್ತಡವಿರುವಾಗ ಡ್ರೇನ್ ಪ್ಲಗ್ಗಿಗೆ ಕೈ ಹಾಕಬೇಡಿ, ಮೊದಲು ಒಂದು ಬಿಸಿನೀರಿನ ನಲ್ಲಿಯನ್ನು ತೆರೆದು ಒತ್ತಡ ಇಳಿಸಿ. ಸಬರ್ಬನ್ ಕಂಪನಿಯ ಹೀಟರುಗಳಲ್ಲಿ ಆ ಪ್ಲಗ್ಗಿನೊಂದಿಗೇ, ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ಸರಳು ಇರುತ್ತದೆ, ಅದು ಬಹುಪಾಲು ಸವೆದಿದ್ದರೆ ಬದಲಾಯಿಸಿ. ಟ್ಯಾಂಕ್ ಖಾಲಿಯಿರುವಾಗ ವಿದ್ಯುತ್ ಸ್ವಿಚ್ ಹಾಕಿದರೆ ಹೀಟರಿನ ಕಾಯಿಲ್ ಸುಟ್ಟುಹೋಗುತ್ತದೆ, ಆದ್ದರಿಂದ ಸ್ವಿಚ್ಚಿನ ಮೇಲೊಂದು ಟೇಪ್ ಅಂಟಿಸಿಡುವುದು ಒಳ್ಳೆಯದು.

ಗಾಳಿಯ ಕಂಪ್ರೆಸರಿನಿಂದ ಊದಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಬಲ್ಲವರು ಮಾಡಿದರೆ. ಒತ್ತಡ ಚದರ ಇಂಚಿಗೆ 40 ಪೌಂಡ್, ಅಂದರೆ 40 ಪಿಎಸ್‌ಐ ಮೀರಬಾರದು, ಮೀರಿದರೆ ಚಳಿ ಮಾಡಬೇಕಾದ ಹಾನಿಯನ್ನು ನಾವೇ ಮಾಡಿದಂತಾಗುತ್ತದೆ. ಕಾರಿನ ಟೈರಿಗೆ ಗಾಳಿ ತುಂಬುವ ಚಿಕ್ಕ ಯಂತ್ರಕ್ಕೆ ಒತ್ತಡವಿದ್ದರೂ ಗಾಳಿಯ ಪ್ರಮಾಣವಿಲ್ಲ. ಅದರ ಗಾಳಿ ತಗ್ಗಿನ ನೀರನ್ನು ತಳ್ಳದೆ ಅದರ ಮೇಲಿಂದ ಹಾದುಹೋಗುತ್ತದೆ, ಮತ್ತು ನಲ್ಲಿಯಲ್ಲಿ ಬರೀ ಗಾಳಿ ಬಂದದ್ದನ್ನು ಕಂಡು ಯಜಮಾನರು ಸಮಾಧಾನಪಟ್ಟುಕೊಳ್ಳುತ್ತಾರೆ. ಗಾಳಿ ಊದಿ ನೀರನ್ನು ಆದಷ್ಟು ಹೊರಹಾಕಿ, ಆಮೇಲೆ ಆಂಟಿಫ್ರೀಜ್ ಎಳೆಸುವುದೇ ನಮ್ಮ ರಾಜ್ಯದ ಚಳಿಗೆ ತಕ್ಕ ಕ್ರಮವೆಂದು ನನ್ನ ಅಭಿಪ್ರಾಯ. ಚಳಿ ಕಡಿಮೆಯಿರುವ ಊರುಗಳಲ್ಲಿ ಗಾಳಿಯೊಂದೇ ಸಾಕಾಗಬಹುದು.

ನಮ್ಮವರ ಟ್ರೇಲರುಗಳಲ್ಲಿ ಮಾತ್ರ ನಾನು ಕಾಣುವ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಮಿನಿಯಾಪೊಲಿಸ್ ಪಕ್ಕದ ಪ್ಲಿಮತ್‌ನಲ್ಲಿರುವ ಒಂದು ಹಾಸನದ ಕುಟುಂಬ, ಊರಿನಿಂದ ತಂದೆತಾಯಿ ಬಂದಿದ್ದಾಗ ಅವರಿಗೆ ಲೇಕ್ ಸುಪೀರಿಯರ್ ಎಂಬ ದೊಡ್ಡ ಸರೋವರ ತೋರಿಸಬೇಕೆಂದು ಟ್ರೇಲರ್ ಕೊಂಡು, ಹಿರಿಯರಿಗೆ ಅನುಕೂಲವಾಗಲೆಂದು ಟಾಯ್ಲೆಟ್ಟಿನ ಪಕ್ಕದಲ್ಲಿ ಕೈಯಲ್ಲಿ ಹಿಡಿಯುವ ಜೆಟ್ ಸ್ಪ್ರೇ ಜೋಡಿಸಿಕೊಂಡಿತ್ತು. ಮಗ ಬಹಳ ಜಾಗರೂಕ ಮನುಷ್ಯ, ಕೈಪಿಡಿಯಲ್ಲಿದ್ದ ಪ್ರತಿಯೊಂದು ಕೆಲಸವನ್ನೂ ಗುರುತು ಹಾಕಿಕೊಳ್ಳುತ್ತಾ ಮಾಡಿದ್ದರು. ಆದರೆ ಕೈಪಿಡಿ ಬರೆದವರಿಗೆ ಜೆಟ್ ಸ್ಪ್ರೇ ಗೊತ್ತಿಲ್ಲ. ಅದರ ಕವಲು ಕೊಳವೆಯಲ್ಲಿ, ಟಿ ಆಕಾರದ ವಾಲ್ವಿನಲ್ಲಿ, ಸ್ಪ್ರೇಯ ಹಿಡಿಯಲ್ಲಿ ನೀರು ಹಾಗೆಯೇ ಉಳಿದು ಮೂರೂ ಸೀಳಿಹೋದವು. ಮೇ ತಿಂಗಳಲ್ಲಿ ಟ್ರೇಲರ್ ತಂದಾಗ ಅವರ ತಾಯಿಯೂ ಜೊತೆಯಲ್ಲಿ ಬಂದಿದ್ದರು. “ನಮ್ಮಿಂದಾಗಿ ಹೀಗಾಯಿತಲ್ಲಪ್ಪಾ” ಎಂದು ಅವರು ಬಹಳ ನೊಂದುಕೊಂಡರು. ಅವರಿಂದೇನೂ ಆಗಿರಲಿಲ್ಲ, ಸ್ಪ್ರೇಯನ್ನು ಒತ್ತಿ ಹಿಡಿದು ಗುಲಾಬಿ ಬಣ್ಣ ಬರುವವರೆಗೆ ಕಾದಿದ್ದರೆ ಸಾಕಿತ್ತು. ಟ್ರೇಲರಿಗೆ ನೀವಾಗಿ ಏನೇನು ಸೇರಿಸಿದ್ದೀರೋ, ಸಿಂಕಿನ ಅಡಿಯ ಫಿಲ್ಟರಾಗಲಿ, ಜೆಟ್ ಸ್ಪ್ರೇಯಾಗಲಿ, ಅದನ್ನೆಲ್ಲ ಕೈಪಿಡಿಯ ಹಿಂದಿನ ಪುಟದಲ್ಲಿ ಬರೆದಿಡಿ.

ಗುಲಾಬಿ ಬಣ್ಣವನ್ನು ಕಣ್ಣಾರೆ ಕಾಣುವುದೇ ಪರೀಕ್ಷೆ. ಒಂದೇ ಹಿಡಿಯ ನಲ್ಲಿಯನ್ನು ನಡುವಿನಲ್ಲಿಟ್ಟು ಬಣ್ಣ ಬಂದಿತೆಂದು ಮುಚ್ಚಬೇಡಿ, ಪೂರ್ತಿ ಬಿಸಿನೀರಿನ ಕಡೆಗೆ ತಿರುಗಿಸಿ ಒಮ್ಮೆ, ಪೂರ್ತಿ ತಣ್ಣೀರಿನ ಕಡೆಗೆ ಒಮ್ಮೆ ನೋಡಬೇಕು. ಶವರ್, ಹೊರಗಿನ ಶವರ್, ಟಾಯ್ಲೆಟ್ ಎಲ್ಲದಕ್ಕೂ ಇದೇ ಕ್ರಮ. ಬಣ್ಣ ತೆಳುವಾಗಿ ಬಂದರೆ ನಿಲ್ಲಿಸಬೇಡಿ, ಡಬ್ಬಿಯಲ್ಲಿರುವಷ್ಟೇ ಗಾಢವಾಗಿ ಬರಬೇಕು. ಹೊರಗಿನ ಹೋಸಿನ ಬಾಯಿಯ ಚೆಕ್ ವಾಲ್ವನ್ನು, ಪಂಪ್ ನಿಲ್ಲಿಸಿ ಒತ್ತಡ ಇಳಿಸಿದ ಮೇಲೆ, ಜಾಲರಿ ತೆಗೆದು ಮೆಲ್ಲಗೆ ಒತ್ತಿ ಅಲ್ಲಿಂದಲೂ ಸ್ವಲ್ಪ ದ್ರವ ಹೊರಬರುವಂತೆ ಮಾಡಿ. ಸಿಂಕ್ ಮತ್ತು ಶವರಿನ ಕೆಳಗಿನ ಬಾಗಿದ ಕೊಳವೆಗಳಿಗೆ ಒಂದೊಂದು ಲೋಟ ಆಂಟಿಫ್ರೀಜ್ ಸುರಿಯಿರಿ.

ಯಾವಾಗ ಮಾಡಬೇಕೆಂಬ ವಿಷಯದಲ್ಲಿ ನಮ್ಮ ಜನರ ಹಬ್ಬದ ಪಂಚಾಂಗ ಇಲ್ಲಿನ ಹವಾಮಾನಕ್ಕೆ ಹೊಂದುವುದಿಲ್ಲ. ದೀಪಾವಳಿ ಮುಗಿಯಲಿ, ರಾಜ್ಯೋತ್ಸವದ ಕಾರ್ಯಕ್ರಮ ಮುಗಿಯಲಿ ಎಂದು ಮುಂದೂಡುವವರು ಬಹಳ. ಮಿನಿಯಾಪೊಲಿಸ್ ಸುತ್ತಮುತ್ತ ಅಕ್ಟೋಬರ್ ಮಧ್ಯದ ಹೊತ್ತಿಗಾಗಲೇ ರಾತ್ರಿಗಳು ನೀರು ಹೆಪ್ಪುಗಟ್ಟುವ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವುದುಂಟು. 1991ರಲ್ಲಿ ಅಕ್ಟೋಬರ್ 31ರಿಂದ ನವೆಂಬರ್ 3ರವರೆಗೆ ಬಿದ್ದ ಹಿಮ ಈ ಊರಿನಲ್ಲಿ 28.4 ಇಂಚು. ಒಂದೆರಡು ಗಂಟೆ 30 ಡಿಗ್ರಿಗೆ ಇಳಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಅದಕ್ಕೆ ನಾನು ಹೊಣೆ ನಿಲ್ಲಲಾರೆ, ಏಕೆಂದರೆ ಗಾಳಿ ಬೀಸುವ ಬಯಲಿನಲ್ಲಿ ನಿಂತ ಟ್ರೇಲರಿನ ಹೊರಗಿನ ಶವರ್ ಒಳಗಿನ ಕೊಳವೆಗಿಂತ ಎಷ್ಟೋ ಮೊದಲೇ ಹೆಪ್ಪುಗಟ್ಟುತ್ತದೆ. ಶಾಲೆಗಳಿಗೆ ಶಿಕ್ಷಕರ ಸಮ್ಮೇಳನದ ರಜೆ (ಎಂಇಎ ರಜೆ) ಇರುವ ಅಕ್ಟೋಬರ್ ಮೂರನೆಯ ವಾರದಲ್ಲಿ ಲೇಕ್ ಸುಪೀರಿಯರ್ ದಡದ ಗೂಸ್‌ಬೆರಿ ಫಾಲ್ಸ್ ಕಡೆಗೆ ಕೊನೆಯ ಪ್ರವಾಸ ಹೋಗುವ ಆಸೆಯಿದ್ದರೆ ಧಾರಾಳವಾಗಿ ಹೋಗಿ ಬನ್ನಿ, ಆದರೆ ವಿಂಟರೈಸ್ ಮಾಡಿದ ಟ್ರೇಲರಿನಲ್ಲಿಯೇ ಹೋಗಿ, ಕುಡಿಯಲು ಮತ್ತು ಅಡುಗೆಗೆ ಕ್ಯಾನಿನಲ್ಲಿ ನೀರು ಒಯ್ಯಿರಿ. ಮನೆಯ ಮುಂದೆ ನಿಲ್ಲಿಸಿದ ಟ್ರೇಲರಿನೊಳಗೆ ವಿದ್ಯುತ್ ಹೀಟರ್ ಹಚ್ಚಿಟ್ಟು ತಿಂಗಳುಗಟ್ಟಲೆ ಬಿಡುವ ಉಪಾಯವನ್ನು ದಯವಿಟ್ಟು ಮಾಡಬೇಡಿ. ಕರೆಂಟ್ ಹೋದರೆ ಕೊಳವೆ ಒಡೆಯುತ್ತದೆ, ಹೋಗದಿದ್ದರೆ ಬೆಂಕಿಯ ಭಯ.

ವಸಂತದಲ್ಲಿ ನೀರು ತುಂಬುವ ದಿನ ಅವಸರ ಬೇಡ. ಹೀಟರ್ ಬೈಪಾಸಿನಲ್ಲಿರುವಾಗಲೇ ಗುಲಾಬಿ ಬಣ್ಣ ಪೂರ್ತಿ ಹೋಗುವವರೆಗೆ ಸ್ವಚ್ಛ ನೀರು ಹರಿಸಿ. ಆಮೇಲೆ ನಲ್ಲಿಗಳನ್ನೆಲ್ಲ ಮುಚ್ಚಿ, ಪಂಪನ್ನು ಚಾಲನೆಯಲ್ಲಿಟ್ಟು, ಟ್ರೇಲರಿನೊಳಗೆ ಸದ್ದು ಮಾಡದೆ ಹದಿನೈದು ನಿಮಿಷ ಕುಳಿತುಕೊಳ್ಳಿ. ಒತ್ತಡ ತುಂಬಿದ ಮೇಲೆ ಪಂಪ್ ನಿಂತು ಹಾಗೆಯೇ ಸುಮ್ಮನಿರಬೇಕು. ಯಾರೂ ನಲ್ಲಿ ಮುಟ್ಟದಿದ್ದರೂ ಅದು ಆಗಾಗ ಗುರ್ ಎಂದರೆ ಎಲ್ಲಿಯೋ ಒಂದು ಕಡೆ ನೀರು ಹೊರಹೋಗುತ್ತಿರುವ ಸಾಧ್ಯತೆಯೇ ಹೆಚ್ಚು. ತಕ್ಷಣ ಪಂಪ್ ಆರಿಸಿ, ಟಾಯ್ಲೆಟ್ಟಿನ ಹಿಂಭಾಗ, ಹೊರಗಿನ ಶವರಿನ ಪೆಟ್ಟಿಗೆ, ಪಂಪಿನ ಜಾಲರಿಯ ಬಟ್ಟಲು, ಸಿಂಕಿನ ಕೆಳಗಿನ ಮೊಣಕೈಗಳು, ಇವುಗಳನ್ನು ಇದೇ ಕ್ರಮದಲ್ಲಿ ಒಣ ಕಾಗದದಿಂದ ಒರೆಸಿ ನೋಡಿ. ಕಾಗದ ಎಲ್ಲಿ ಒದ್ದೆಯಾಯಿತೆಂದು ಹೇಳಿದರೆ ಯಾವ ಬಿಡಿಭಾಗ ಬೇಕಾಗಬಹುದೆಂದು ನಿಮ್ಮ ದುರಸ್ತಿಯವರು ಬಹುಮಟ್ಟಿಗೆ ಫೋನಿನಲ್ಲಿಯೇ ತಿಳಿಸಬಲ್ಲರು.