ಗುಳಿಗೆ ಬಿಟ್ಟರೆ ಎಚ್‌ಐವಿ ಮರಳಿ ಬರುವುದು ಎಲ್ಲಿಂದ?

ಎಚ್‌ಐವಿ ಇರುವವರು ದಿನಕ್ಕೊಂದು ಗುಳಿಗೆಯನ್ನು ತಪ್ಪದೆ ನುಂಗಿದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಅಲ್ಲಿಯವರೆಗೆ ಅದು ಅಡಗಿದ್ದದ್ದೆಲ್ಲಿ?

ಇದರ ಎಳೆ ಹಿಡಿದು ಹೋದರೆ ಸಿಗುವುದು ಒಂದು ಕೋಳಿ. 1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್, ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯಾವಾಗಲಿ ದಾಟದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು: ಸೋಸಿದರೂ ದಾಟಿ ಬಂದದ್ದು ಒಂದು ವೈರಸ್. ನೊಬೆಲ್ ಸಿಕ್ಕಿದ್ದು 1966ರಲ್ಲಿ. ನಮ್ಮ ಕೋಶಗಳು ಆನುವಂಶಿಕ ಮಾಹಿತಿಯನ್ನು ಡಿಎನ್‌ಎಯಲ್ಲಿ ಇಟ್ಟುಕೊಳ್ಳುತ್ತವೆ; ಅದರ ಬದಲು ಆರ್‌ಎನ್‌ಎ ಮಾತ್ರ ಹೊತ್ತ ಇಂಥ ವೈರಸ್ ಜೀವಕೋಶದಲ್ಲಿ ಶಾಶ್ವತವಾಗಿ ನೆಲೆಯೂರುವುದು ಹೇಗೆ? ಆರ್‌ಎನ್‌ಎಯಿಂದ ಡಿಎನ್‌ಎ ತಯಾರಾಗುತ್ತದೆ ಎಂದ ಹೊವರ್ಡ್ ಟೆಮಿನ್ ಮಾತನ್ನು ಹೆಚ್ಚಿನವರು ನಂಬಲಿಲ್ಲ. 1970ರಲ್ಲಿ ಟೆಮಿನ್, ಡೇವಿಡ್ ಬಾಲ್ಟಿಮೋರ್ ಇಬ್ಬರೂ ಬೇರೆಬೇರೆಯಾಗಿ ಆ ಕೆಲಸ ಮಾಡುವ ಕಿಣ್ವವನ್ನೇ ತೋರಿಸಿದರು: ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಎಚ್‌ಐವಿಯೂ ಇದೇ ಬಗೆಯ ವೈರಸ್ ಆದ್ದರಿಂದ ಈ ತಳಹದಿ ಮೊದಲೇ ಇದ್ದದ್ದು ದೊಡ್ಡ ಅದೃಷ್ಟ. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ಏಡ್ಸ್‌ನ ವೈರಸ್ ಹುಡುಕುವಾಗ ಜಾಲಾಡಿದ್ದು ಇದೇ ಕಿಣ್ವದ ಸುಳಿವಿಗಾಗಿ. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ತಂಡದಿಂದ.

ಎಚ್‌ಐವಿಯ ಹೊರಮೈಯ ಜಿಪಿ120 ಪ್ರೋಟೀನ್ ಮೊದಲು ಸಿಡಿ4 ಕೋಶದ (ರೋಗನಿರೋಧಕ ಬಿಳಿ ರಕ್ತಕಣದ) ಸಿಡಿ4 ಗ್ರಾಹಕಕ್ಕೆ, ಆಮೇಲೆ ಅದೇ ಕೋಶದ ಮೇಲಿನ ಇನ್ನೊಂದು ಗ್ರಾಹಕವಾದ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4ಗೆ ಅಂಟಿಕೊಳ್ಳುತ್ತದೆ. ಪೊರೆಗಳು ಬೆರೆತು ಒಳಗಿನ ಸಾಮಗ್ರಿ ಕೋಶ ಸೇರುತ್ತದೆ. ಆರ್‌ಎನ್‌ಎ ಡಿಎನ್‌ಎ ಆಗುವಾಗ ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ಹಾಗಾಗಿ ರೂಪಾಂತರಗಳು ಹುಟ್ಟುತ್ತಲೇ ಇರುತ್ತವೆ, ಲಸಿಕೆಗೆ ದೊಡ್ಡ ತೊಡಕೂ ಇದೇ. ಮುಂದೆ ಇಂಟಿಗ್ರೇಸ್ ಕಿಣ್ವ ಆ ಡಿಎನ್‌ಎಯನ್ನು ನಮ್ಮ ವರ್ಣತಂತುವಿಗೇ ಹೊಲಿಯುತ್ತದೆ. ಪಹಣಿಯಲ್ಲಿ ಹೆಸರು ಸೇರಿದ ಹಾಗೆ: ಆಸಾಮಿ ಊರಲ್ಲಿ ಕಾಣದಿದ್ದರೂ ದಾಖಲೆ ಅಳಿಯದು. ಕೆಲವು ಸಿಡಿ4 ಕೋಶಗಳು ಈ ದಾಖಲೆ ಹೊತ್ತು ವರ್ಷಗಟ್ಟಲೆ ಸುಮ್ಮನಿರುತ್ತವೆ. ಗುಳಿಗೆ ಬಿಟ್ಟಾಗ ವೈರಸ್ ಮರಳಿ ಬರುವುದು ಇಲ್ಲಿಂದಲೇ.

ಈಗ ಸಾಮಾನ್ಯವಾಗಿ ಕೊಡುವ ಗುಳಿಗೆಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಮೊದಲೆರಡು ಆರ್‌ಎನ್‌ಎ ಡಿಎನ್‌ಎ ಆಗುವುದನ್ನೂ ಮೂರನೆಯದು ಹೊಲಿಗೆಯನ್ನೂ ತಡೆಯುತ್ತವೆ. ಆಗಲೇ ಹೊಲಿದುಹೋದದ್ದನ್ನು ಯಾವುದೂ ಮುಟ್ಟುವುದಿಲ್ಲ.

ಕೊಡಗಿನಲ್ಲಿ ಗುಳಿಗೆ ತಪ್ಪುವುದು ತೋಟದ ಕೆಲಸಕ್ಕೂ ತಳಕು ಹಾಕಿಕೊಳ್ಳುತ್ತದೆ. ಕಾಫಿ ಕೊಯ್ಲಿಗೆ ಬೇರೆ ಜಿಲ್ಲೆಯಿಂದ ಸಿದ್ದಾಪುರದ ಲೈನ್‌ಮನೆಗೆ ಬಂದವರಾಗಲಿ, ಇಲ್ಲಿಂದ ಹೊರಗೆ ಹೋಗುವವರಾಗಲಿ, ಗುಳಿಗೆ ಮುಗಿದಾಗ ಊರಿಗೆ ಹೋಗಲಾಗದೆ ಸುಮ್ಮನಾಗುವುದುಂಟು. ರಕ್ತದಲ್ಲಿ ಔಷಧಿ ಅರೆಬರೆ ಉಳಿದಾಗಲೇ ಅದಕ್ಕೆ ಬಗ್ಗದ ರೂಪಾಂತರ ಮೇಲುಗೈ ಸಾಧಿಸುವ ಅಪಾಯ. ಅಲ್ಯುಮಿನಿಯಂ, ಮೆಗ್ನೀಶಿಯಂ ಇರುವ ಆಸಿಡಿಟಿ ಔಷಧಿಯೂ (ಆಂಟಾಸಿಡ್) ಡೊಲುಟೆಗ್ರಾವಿರ್ ಹೀರಿಕೆಯನ್ನು ತಗ್ಗಿಸುತ್ತದೆ. ಅದಕ್ಕಿಂತ 2 ಗಂಟೆ ಮೊದಲೋ 6 ಗಂಟೆ ನಂತರವೋ ಎಚ್‌ಐವಿ ಗುಳಿಗೆ ನುಂಗಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕಾಗುತ್ತದೆ, ಹಾಗಾಗಿ ವೈದ್ಯರಿಗೆ ಎರಡೂ ಚಿಕಿತ್ಸೆಯ ವಿಷಯ ತಿಳಿದಿರಬೇಕು. ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಔಷಧಿ ಉಚಿತ. ಹೊರಡುವ ಮೊದಲೇ ಕೇಂದ್ರಕ್ಕೆ ತಿಳಿಸಿದರೆ ಚಿಕಿತ್ಸೆಯನ್ನು ಹೋಗುವ ಊರಿನ ಹತ್ತಿರದ ಕೇಂದ್ರಕ್ಕೆ ವರ್ಗಾಯಿಸುತ್ತಾರೆ. ಅದು ಎಲ್ಲಿದೆಯೆಂದು ಗೊತ್ತಿಲ್ಲದವರು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.