ಏಜೆನ್ಸಿ ಕಿತ್ತುಕೊಂಡರೆ ಕೋರ್ಟಿನಲ್ಲಿ ಏನು ಸಿಗುತ್ತದೆ?

ಕಂಪನಿಯ ಮಾಲನ್ನು ಅಂಗಡಿಗಳಿಗೆ ಹಂಚುವ ಏಜೆನ್ಸಿ ಕಳೆದುಕೊಂಡು ಮಂಡ್ಯ, ಮದ್ದೂರು, ಮೈಸೂರಿನ ಸಂತೇಪೇಟೆಯಿಂದ ಬರುವ ಡಿಸ್ಟ್ರಿಬ್ಯೂಟರ್‌ಗಳು ಮೊದಲು ಕೇಳುವುದು ಒಂದೇ: ‘ಸಾರ್, ಸ್ಟೇ ತಂದು ಏಜೆನ್ಸಿ ವಾಪಸ್ ಕೊಡಿಸಿ.’ ಅವರ ಸಂಕಟ ನಿಜ. ಗೋಡೌನ್ ಬಾಡಿಗೆ, ಗಾಡಿ ಸಾಲ, ಅಂಗಡಿಗಳಿಗೆ ಕೊಟ್ಟ ಉದ್ದರಿ ಎಲ್ಲಾ ಅವರ ತಲೆ ಮೇಲೇ ಇರುತ್ತದೆ. ಆದರೂ ಹೇಳಲೇಬೇಕು: ಏಜೆನ್ಸಿ ವಾಪಸ್ ಸಿಗುವುದು ತೀರಾ ಅಪರೂಪ. ಹಣಕ್ಕೆ ಹೋರಾಡಿ.

ಡಿಸ್ಟ್ರಿಬ್ಯೂಟರ್‌ಗಳಿಗೆಂದೇ ಕರ್ನಾಟಕದಲ್ಲಿ ಬೇರೆ ಕಾನೂನಿಲ್ಲ. 1872ರ ಕರಾರು ಕಾಯ್ದೆ ಮತ್ತು ನೀವು ಸಹಿ ಹಾಕಿದ ಅಗ್ರಿಮೆಂಟ್, ಇವೆರಡೇ ಮುಖ್ಯ ಆಧಾರ. ಇಂಡಿಯನ್ ಆಯಿಲ್ ವಿರುದ್ಧ ಅಮೃತಸರದ ಗ್ಯಾಸ್ ಡಿಸ್ಟ್ರಿಬ್ಯೂಟರ್ ಹೋರಾಡಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪು ಕೊಟ್ಟಿತು. 30 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ಕರಾರು ಮುಗಿಸಬಹುದು ಎಂದು ಅವರ ಅಗ್ರಿಮೆಂಟಿನಲ್ಲಿತ್ತು. ಹಾಗಾಗಿ ಏಜೆನ್ಸಿ ತೆಗೆದದ್ದು ತಪ್ಪಾದರೂ ಮರಳಿ ಕೊಡಿಸಲು ಆಗದು, ಆ 30 ದಿನಗಳ ನಷ್ಟಕ್ಕೆ ಪರಿಹಾರ ಅಷ್ಟೇ ಎಂದು ಕೋರ್ಟ್ ಹೇಳಿತು. ಅದಕ್ಕೇ ಸಹಿ ಹಾಕುವ ಮೊದಲೇ 90 ದಿನಗಳ ನೋಟಿಸ್ ಕೇಳಿ. ಉಳಿದ ಮಾಲನ್ನು ಕಂಪನಿ ಬಿಲ್ ರೇಟಿಗೇ ವಾಪಸ್ ತೆಗೆದುಕೊಳ್ಳಬೇಕು ಎಂದೂ ಬರೆಸಿ. ಬೆಳೆಯುತ್ತಿರುವ ಕಂಪನಿಗೆ ನಿಮ್ಮ ಲೈನ್, ಅಂದರೆ ನೀವು ಮಾಲು ಹಾಕುವ ಅಂಗಡಿಗಳು ಬೇಕಿರುತ್ತದೆ, ಕೇಳಿದರೆ ಒಪ್ಪಲೂಬಹುದು.

ಹೆಚ್ಚಿನ ದುಡ್ಡು ಮುಳುಗುವುದು ಕ್ಲೈಮ್‌ನಲ್ಲಿ, ಅಂದರೆ ಕಂಪನಿ ನಿಮಗೆ ವಾಪಸ್ ಕೊಡಬೇಕಾದ ಹಣದಲ್ಲಿ. ಎಕ್ಸ್‌ಪೈರಿ, ಡ್ಯಾಮೇಜ್, ಅಂಗಡಿಗಳಿಗೆ ಕೊಟ್ಟ ಸ್ಕೀಮಿನ ರಿಯಾಯಿತಿ ಎಲ್ಲಾ ನೀವು ಕೈಯಿಂದ ಹಾಕಿರುತ್ತೀರಿ. ಸೇಲ್ಸ್ ಆಫೀಸರ್ ‘ಕ್ಲೈಮ್ ಬರುತ್ತೆ ಅಣ್ಣ, ಈ ತಿಂಗಳು ಮಾಲು ಎತ್ತಿ’ ಅನ್ನುತ್ತಾರೆ. ನಾಳೆ ಅವರು ಕೆಲಸ ಬಿಟ್ಟು ಹೋದರೆ ಆ ಮಾತಿಗೆ ಸಾಕ್ಷಿ ಯಾರು? ಪ್ರತಿ ತಿಂಗಳೂ ಬಾಕಿ ಕ್ಲೈಮ್ ಪಟ್ಟಿಯನ್ನು ಕಂಪನಿಗೆ ಇಮೇಲ್ ಮಾಡಿ. ಏಜೆನ್ಸಿ ಹೋದಾಗ ಸೆಕ್ಯೂರಿಟಿಗೆ ಕೊಟ್ಟ ಖಾಲಿ ಚೆಕ್ಕಿನ ನಂಬರ್ ಬರೆದು, ಲೆಕ್ಕದ ಸಮೇತ ಪತ್ರದಲ್ಲಿ ವಾಪಸ್ ಕೇಳಿ. ಕಂಪನಿಯವರು ಆ ಚೆಕ್ ಹಾಕಿ ಬೌನ್ಸ್ ಮಾಡಿಸಿದರೆ ಈ ಪತ್ರವೇ ನಿಮ್ಮ ಬಲ.

ಅಗ್ರಿಮೆಂಟಿನಲ್ಲಿ ‘ಮುಂಬೈ ಕೋರ್ಟ್ ಮಾತ್ರ’ ಎಂದಿದ್ದರೆ, ವ್ಯವಹಾರಕ್ಕೂ ಮುಂಬೈಗೂ ನಂಟಿದ್ದಾಗ ಸಾಮಾನ್ಯವಾಗಿ ಅಲ್ಲಿಗೇ ಹೋಗಬೇಕು. ಆರ್ಬಿಟ್ರೇಶನ್ (ಕೋರ್ಟಿನ ಬದಲು ಪಂಚರು ತೀರ್ಮಾನ ಕೊಡುವ) ಷರತ್ತೂ ಇದೆಯಾ ನೋಡಿ. ಎರಡೂ ಇಲ್ಲದಿದ್ದರೆ, ಇಲ್ಲೇ ನಡೆದ ವ್ಯವಹಾರಕ್ಕೆ ಇಲ್ಲೇ ದಾವೆ ಹಾಕಬಹುದು. 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ಡಿಸ್ಟ್ರಿಬ್ಯೂಶನ್ ತಗಾದೆ ಕಮರ್ಷಿಯಲ್ ಕೋರ್ಟಿಗೆ ಹೋಗುತ್ತದೆ. ತುರ್ತು ಆದೇಶ ಬೇಡದಿದ್ದರೆ ಅದಕ್ಕೆ ಮೊದಲು ಮಧ್ಯಸ್ಥಿಕೆ (ಮೀಡಿಯೇಶನ್, ಅಂದರೆ ರಾಜಿ ಮಾತುಕತೆ) ಕಡ್ಡಾಯ.

ದಾವೆಗೆ ಇರುವ ಕಾಲ ಸಾಮಾನ್ಯವಾಗಿ 3 ವರ್ಷ. ಬಾಯಿ ಮಾತಿನ ಭರವಸೆಯಿಂದ ಅದು ಮುಂದೆ ಹೋಗುವುದಿಲ್ಲ. ಬಾಕಿ ಇದೆ ಎಂದು ಆ ಅವಧಿಯೊಳಗೆ ಕಂಪನಿ ಬರೆದು ಸಹಿ ಹಾಕಿ ಕೊಟ್ಟರೆ ಮಾತ್ರ ಆ ದಿನದಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ.