ಹದಿನೆಂಟರ ಮಗ, ಐವತ್ತೆರಡರ ಅಪ್ಪ

ಸಿಇಟಿ ಫಲಿತಾಂಶ ಬಂದ ಮೇಲೆ ಜಯನಗರದ ನನ್ನ ಸಮಾಲೋಚನಾ ಕೊಠಡಿಗೆ ತಂದೆ ಮಕ್ಕಳು ಜೊತೆಯಾಗಿ ಬರುವುದು ಹೆಚ್ಚು. ಅಂಥ ಒಬ್ಬರ ವಿಷಯವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಅಂಕಪಟ್ಟಿಗಳಿದ್ದ ಪ್ಲಾಸ್ಟಿಕ್ ಫೈಲನ್ನು ತಂದೆ ತೊಡೆಯಿಂದ ಕೆಳಗಿಡಲೇ ಇಲ್ಲ. "ನಿನಗೆ ಏನು ಓದೋಣ ಅನಿಸುತ್ತಪ್ಪಾ?" ಎಂದು ಹುಡುಗನನ್ನು ಕೇಳಿದೆ. ಆತ ತಂದೆಯ ಮುಖ ನೋಡಿ, "ಕಂಪ್ಯೂಟರ್ ಸೈನ್ಸ್ ಅಂತ ಡಿಸೈಡ್ ಆಗಿದೆ ಮೇಡಂ" ಎಂದ. ಯಾರು ನಿರ್ಧರಿಸಿದರು ಎಂಬುದು ಆ ಮಾತಿನಲ್ಲಿ ಇರಲಿಲ್ಲ.

ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹುಟ್ಟಿನಿಂದ ಮುಪ್ಪಿನವರೆಗೆ ವ್ಯಕ್ತಿತ್ವ ಬೆಳೆಯುವ ಎಂಟು ಹಂತಗಳನ್ನು ವಿವರಿಸಿದರು. ಹಸುಗೂಸಿನ ನಂಬಿಕೆಯಿಂದ ಶಾಲಾ ದಿನಗಳ ಶ್ರಮಶೀಲತೆಯವರೆಗಿನ ಮೊದಲ ನಾಲ್ಕನ್ನು ದಾಟಿ ಬಂದ ಹದಿಹರೆಯದವರ ಮುಂದೆ ಐದನೆಯದಾಗಿ ನಿಲ್ಲುವುದು 'ನಾನು ಯಾರು' ಎಂಬ ಪ್ರಶ್ನೆ. ಅದಕ್ಕೆ ಉತ್ತರ ಕಂಡುಕೊಳ್ಳಲು, ಬೇರೆ ಬೇರೆ ಪಾತ್ರಗಳನ್ನು ತೊಟ್ಟು ನೋಡಲು, ಸಮಾಜ ಎಳೆಯರಿಗೆ ಒಂದಿಷ್ಟು ಬಿಡುವು ಕೊಡಬೇಕು ಎಂದು ಅವರು ಭಾವಿಸಿದ್ದರು. ಹೆತ್ತ ತಂದೆ ಯಾರೆಂದು ಕೊನೆಗೂ ತಿಳಿಯದ, ಯೌವನದಲ್ಲಿ ಚಿತ್ರ ಬರೆಯುತ್ತ ಯುರೋಪಿನಲ್ಲಿ ಅಲೆದ ಅವರಿಗೆ ಈ ಪ್ರಶ್ನೆ ಬರಿಯ ಪುಸ್ತಕದ ವಿಷಯವಾಗಿರಲಿಲ್ಲ. 1966ರಲ್ಲಿ ಮನೋವಿಜ್ಞಾನಿ ಜೇಮ್ಸ್ ಮಾರ್ಷಿಯಾ ಈ ವಿಚಾರವನ್ನು ಮುಂದುವರಿಸಿ, ಹುಡುಕದೆಯೇ ಬದ್ಧರಾಗಿಬಿಡುವ ಸ್ಥಿತಿಯನ್ನು 'ಫೋರ್‌ಕ್ಲೋಷರ್' ಎಂದು ಕರೆದರು. ಹೊರಗಿನಿಂದ ನೋಡಿದರೆ ಇಂಥ ಮಕ್ಕಳು ಬಹಳ ಸ್ಥಿರವಾಗಿ ಕಾಣುತ್ತಾರೆ, ಆದ್ದರಿಂದಲೇ ನನಗೆ ಹೆಚ್ಚು ಆತಂಕ.

ಆದರೆ ಆ ದಿನ ನಾನು ಹೆಚ್ಚು ಹೊತ್ತು ಮಾತನಾಡಿದ್ದು ತಂದೆಯೊಡನೆ. ಮನೆಯ ಪರಿಸ್ಥಿತಿಯಿಂದಾಗಿ ಡಿಪ್ಲೊಮಾಕ್ಕೇ ಓದು ನಿಲ್ಲಿಸಿ, ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಳಿ ದುಡಿದವರು ಅವರು. ಎರಿಕ್‌ಸನ್ ಅವರ ಏಳನೆಯ ಹಂತದಲ್ಲಿ ಅವರಿದ್ದಾರೆ. ಮುಂದಿನ ಪೀಳಿಗೆಯನ್ನು ಬೆಳೆಸಬೇಕೆಂಬ ಹಂಬಲ ಅಲ್ಲಿ ತೀವ್ರವಾಗಿರುತ್ತದೆ. ಹುಡುಗನ ಮೌನವನ್ನಷ್ಟೇ ಪರೀಕ್ಷಿಸಿ ಈ ಹಂಬಲವನ್ನು ಸರ್ವಾಧಿಕಾರವೆಂದು ಬಗೆಯುವುದು ನಮ್ಮ ವೃತ್ತಿಯವರು ಮಾಡುವ ದೊಡ್ಡ ತಪ್ಪು. ಒಂದೇ ಮನೆಯಲ್ಲಿ ಎರಡು ಹಂತಗಳು ಎದುರುಬದುರಾಗಿವೆ ಎಂದು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ನನ್ನ ಆಸೆ ಅವನ ಮೇಲೆ ಹೇರಿದೆನಾ ಮೇಡಂ?" ಎಂದು ಕೇಳಿದರು.

ಬೇಕಾದ ಕೋರ್ಸು, ಕಾಲೇಜುಗಳನ್ನು ನಮೂದಿಸುವ ಆಪ್ಷನ್ ಎಂಟ್ರಿಗೆ ಹತ್ತು ದಿನ ಉಳಿದಿತ್ತು. ಆ ದಿನಗಳಲ್ಲಿ ಹುಡುಗ ಸೋದರಮಾವನ ವಾಸ್ತುಶಿಲ್ಪ ಕಚೇರಿಯಲ್ಲಿ ಕುಳಿತು ನಕ್ಷೆ ಬಿಡಿಸುವುದನ್ನು ನೋಡಿದ. ಭೌತಶಾಸ್ತ್ರ ಓದುತ್ತಿದ್ದ ನೆರೆಮನೆಯ ಅಕ್ಕನೊಂದಿಗೆ ಮಾತನಾಡಿದ. ಮತ್ತೆ ಬಂದಾಗ ಫೈಲು ಅವನ ಕೈಯಲ್ಲಿತ್ತು. "ಕಂಪ್ಯೂಟರ್ ಸೈನ್ಸೇ ತಗೋತೀನಿ ಮೇಡಂ," ಎಂದ.